ಮುಚ್ಚಳದೊಳಗಿನ ಹನಿ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ನಾರಾ ಊರಿನ ಕಾರಿಗನೆ ಎಂಬ ವಸತಿಗೃಹದ ದೊಡ್ಡ ಹಜಾರದಲ್ಲಿ ಒಂದೇ ದೀಪ ಉರಿಯುತ್ತಿದೆ. ಗಿಡ್ಡ ಕಾಲಿನ ಊಟದ ಮಣೆಗಳು ಆರು ಸಾಲಿನಲ್ಲಿ ಗೋಡೆಯಿಂದ ಗೋಡೆಯವರೆಗೆ ಕೂತಿವೆ, ಪ್ರತಿ ಮಣೆಯ ಹಿಂದೆ ಒಂದು ಮೆತ್ತೆ. ಮೆತ್ತೆಗಳ ಮೇಲೆ ಯಾರೂ ಇಲ್ಲ. ಇಷ್ಟೂ ಜನ ಈಗ ತಾನೆ ಎದ್ದು ಎಲ್ಲಿಗೋ ಹೋಗಿಬಿಟ್ಟಿದ್ದಾರೇನೋ ಅನ್ನಿಸಿ ನನಗೆ ಮೈ ಜುಮ್ಮೆನ್ನುತ್ತದೆ. ಚಳಿ ಇರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಸಾಲುಗಳ ನಡುವೆ ಸದ್ದಿಲ್ಲದೆ ಓಡಾಡುತ್ತಿರುವವರು ಆರಾಯಾ ಶಿಗೆಯೊ. ವಯಸ್ಸು ಎಂಬತ್ತು. ಬೆನ್ನು ಬಾಗಿದೆ, ಕೈ ಮಾತ್ರ ಚುರುಕು. ಎಡಕ್ಕೆ ಅನ್ನದ ಬಟ್ಟಲು, ಬಲಕ್ಕೆ ಸಾರಿನ ಬಟ್ಟಲು, ನಡುವೆ ಸುಟ್ಟ ಮೀನಿನ ತುಂಡು, ಮೊಟ್ಟೆಯ ಸುರುಳಿ, ಮೂಲಂಗಿ ಉಪ್ಪಿನಕಾಯಿ, ಮಕ್ಕಳ್ಯಾರೂ ಮುಟ್ಟದ ಹುದುಗಿಸಿದ ಸೋಯಾ ಕಾಳು. ಇವತ್ತು ನೂರ ನಲವತ್ತಾರು ಮಂದಿ. ಉತ್ತರದ ಒಂದು ಕಡಲೂರಿನಿಂದ ಮೂರು ದಿನದ ಪ್ರವಾಸಕ್ಕೆ ಬಂದಿರುವ ಒಂಬತ್ತನೆಯ ತರಗತಿಯ ಮಕ್ಕಳು, ಜೊತೆಗೆ ಅವರ ಮೇಷ್ಟ್ರುಗಳು. ಎಲ್ಲರೂ ಮೇಲಿನ ಮಹಡಿಯಲ್ಲಿ ಇನ್ನೂ ಮಲಗಿದ್ದಾರೆ.

ನೂರ ನಲವತ್ತಾರೂ ಮುಗಿದ ಮೇಲೆ ಶಿಗೆಯೊ ಒಳಗೆ ಹೋಗಿ ಇನ್ನೊಂದು ಮಣೆ ತರುತ್ತಾರೆ. ಅದನ್ನು ಸಾಲಿಗೆ ಸೇರಿಸುವುದಿಲ್ಲ. ಹಜಾರದ ಕೊನೆಯ ಕಂಬದ ಪಕ್ಕದಲ್ಲಿ ಉತ್ತರಕ್ಕೆ ಮುಖ ಮಾಡಿ ಇಡುತ್ತಾರೆ. ಮೆತ್ತೆಯನ್ನು ಎರಡು ಸಲ ತಟ್ಟಿ ಉಬ್ಬಿಸುತ್ತಾರೆ. ಮಣೆಯ ಮೂಲೆಯಲ್ಲಿ ಕುಂಚದಿಂದ ಬರೆದ ಒಂದು ಚೀಟಿ: ಒಬಾರಾ ಸುಜು.

"ಇದ್ಯಾರಿಗೆ ಅಜ್ಜಿ?" ಎನ್ನುತ್ತೇನೆ.

"ಜ್ವರ ಬಂದು ಊರಲ್ಲೇ ಉಳಿದಳಂತಲ್ಲ, ಆ ಹುಡುಗಿಗೆ. ಯಾಕೆ ಹಾಗೆ ನೋಡ್ತೀರಿ ಪೇಪರಮ್ಮಾ? ಸತ್ತವರಿಗೆ ಇಡೋ ಎಡೆ ಅಂದ್ಕೊಂಡ್ರಾ? ಬಿಡ್ತು ಅನ್ನಿ! ಇದು ಬದುಕಿರೋರ ಊಟ. ಬದುಕಿರೋರಿಗೇ ತಾನೆ ಹಸಿವಾಗೋದು?"

ಇದಕ್ಕೆ ನೆರಳಿನ ಊಟ ಎನ್ನುತ್ತಾರೆ, ನನಗೆ ಹೊಸದಲ್ಲ. ಮನೆಯಿಂದ ಯಾರಾದರೂ ದೂರದೂರಿಗೆ ಹೊರಟರೆ ಅವರು ವಾಪಸ್ ಬರುವವರೆಗೂ ಹೊತ್ತು ಹೊತ್ತಿಗೆ ಅವರ ಪಾಲಿನದನ್ನು ಬಡಿಸಿಡುವುದು ನನ್ನ ಅಜ್ಜಿಗೂ ಇದ್ದ ರೂಢಿ. ಊಟದ ಹೊತ್ತು ಮುಗಿದ ಮೇಲೆ ಸಾರಿನ ಬಟ್ಟಲಿನ ಮುಚ್ಚಳ ತೆಗೆದು ನೋಡುತ್ತಿದ್ದಳು. ಒಳಗೆ ಹನಿ ಕಟ್ಟಿದ್ದರೆ ಹೋದವರು ಕ್ಷೇಮ. ಒಣಗಿದ್ದರೆ ಅವಳು ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಶಿಗೆಯೊ ಇದನ್ನೇ ತಿರುಗಾಮುರುಗಾ ಮಾಡಿದ್ದಾರೆ. ಪ್ರವಾಸಕ್ಕೆ ಬಂದವರ ನಡುವೆ ಕೂತು, ಬರಲಾಗದೆ ಉಳಿದವರಿಗೆ ಬಡಿಸುತ್ತಾರೆ.

ಐವತ್ತೆರಡು ವರ್ಷದಿಂದ ಅವರು ಇದೇ ಹಜಾರದಲ್ಲಿ ಮಣೆ ಹಾಕುತ್ತಿದ್ದಾರೆ. ಇಪ್ಪತ್ತೆಂಟರಲ್ಲಿ ಗಂಡನನ್ನು ಕಳೆದುಕೊಂಡು ಒಂದು ಬಟ್ಟೆಗಂಟಿನ ಜೊತೆ ಬಂದವರು. ಆಗೆಲ್ಲ ವಸಂತದಲ್ಲಿ ದಿನಕ್ಕೆ ನಾನೂರು ಮಕ್ಕಳು, ಎರಡು ಪಂಕ್ತಿ. ಒಂದೇ ಸಲಕ್ಕೆ ಎಂಟು ಮಣೆ ಎತ್ತುತ್ತಿದ್ದರಂತೆ. ಈಗ ಮೂರು. ಊರೂರಲ್ಲಿ ಮಕ್ಕಳೇ ಕಡಿಮೆಯಾಗಿ ಶಾಲೆಗಳು ಬಾಗಿಲು ಹಾಕುತ್ತಿವೆ. ವರ್ಷಕ್ಕೆ ನೂರಹತ್ತು ಶಾಲೆ ಬರುತ್ತಿದ್ದ ಕಡೆ ಈಗ ನಲವತ್ತಕ್ಕೆ ಇಳಿದಿದೆ. ಬೆಳಗಿನ ಮೂರೂವರೆಗೆ ಏಳುತ್ತಾರೆ, ಜಿಂಕೆಗಳು ಅಡ್ಡ ಮಲಗಿರುವ ಓಣಿಯಲ್ಲಿ ಅವನ್ನು ಗದರಿಸಿಕೊಂಡು ಇಪ್ಪತ್ತು ನಿಮಿಷ ನಡೆದು ಬರುತ್ತಾರೆ. ಮೊಣಕಾಲಿಗೆ ಪಟ್ಟಿ, ಸೊಂಟಕ್ಕೆ ಇನ್ನೊಂದು. ನೆರಳಿನ ಊಟಕ್ಕೆ ಶಾಲೆಗಳಿಂದ ಕಾಸು ಕೇಳಿದವರಲ್ಲ. ತಮ್ಮ ಪಾಲಿನ ತಿಂಡಿಯನ್ನೇ ಅಲ್ಲಿಡುತ್ತಾರೆ, ಆಮೇಲೆ ಅದೇ ಆರಿದ್ದನ್ನು ತಿನ್ನುತ್ತಾರೆ.

"ಈ ಅಜ್ಜಿಗೆ ಬೆಚ್ಚಗಿನ ಸಾರು ಹೇಗಿರುತ್ತೆ ಅಂತಾನೇ ಮರೆತುಹೋಗಿದೆ" ಎಂದು ಅಡುಗೆಮನೆಯಿಂದ ಕೂಗುತ್ತಾರೆ ಕುಮೊಯಿ. ಇಲ್ಲಿನ ಮುಖ್ಯ ಅಡುಗೆಯವರು, ಐವತ್ತರ ಆಸುಪಾಸಿನ ಗಂಡಸು, ಕತ್ತಿನ ಸುತ್ತ ಯಾವಾಗಲೂ ಒಂದು ಟವೆಲ್ಲು.

"ನಿನ್ನ ಸಾರು ಮರೆಯೋದೇ ಒಳ್ಳೇದು" ಎಂದು ಶಿಗೆಯೊ ಇಲ್ಲಿಂದಲೇ ತಿರುಗೇಟು ಕೊಡುತ್ತಾರೆ.

ಆರೂವರೆಗೆ ಮಕ್ಕಳು ನುಗ್ಗುತ್ತಾರೆ. ಕೆದರಿದ ತಲೆ, ಒಂದೇ ಬಣ್ಣದ ವ್ಯಾಯಾಮದ ಉಡುಪು, ಎಲ್ಲೆಲ್ಲೂ ಆಕಳಿಕೆ. ಗುಂಪಿನ ನಾಯಕರು ಎದ್ದು ತಲೆ ಲೆಕ್ಕ ಒಪ್ಪಿಸುತ್ತಾರೆ. "ಐದನೇ ಗುಂಪು! ಆರರಲ್ಲಿ ಐದು! ಒಬ್ಬಳಿಗೆ ಜ್ವರ!" ಎಂದು ಒಬ್ಬ ಹುಡುಗಿ ಚೀರುತ್ತಾಳೆ. ಹುಡುಗನೊಬ್ಬ ಕಂಬದ ಕಡೆ ಕೈ ತೋರಿಸಿ, "ನೋಡ್ರೋ, ಅಲ್ಲಿ ಕೂತವಳೆ, ನಿನ್ನನ್ನೇ ನೋಡ್ತವಳೆ" ಎಂದು ಪಕ್ಕದವನ ತೊಡೆ ಚಿವುಟುತ್ತಾನೆ. ಎಲ್ಲರೂ ನಗುತ್ತಾರೆ. ನಕ್ಕ ಮೇಲೆ ಆ ಕಡೆಯ ಸಾಲಿನ ನಾಲ್ಕೈದು ಮಕ್ಕಳು ತಮ್ಮ ಮೆತ್ತೆಗಳನ್ನು ಮೆಲ್ಲಗೆ ಈಚೆ ಎಳೆದುಕೊಳ್ಳುತ್ತಾರೆ.

ಸಾರು ಬಡಿಸುವಾಗ ಮೊದಲ ಸೌಟು ಬೀಳುವುದು ಕಂಬದ ಪಕ್ಕದ ಬಟ್ಟಲಿಗೆ. ಕೊತಕೊತ ಕುದಿಯುವ ಪಾತ್ರೆಯಿಂದ ನೇರವಾಗಿ. ಎಲ್ಲರ ಊಟ ಅರ್ಧವಾದ ಹೊತ್ತಿಗೆ ಶಿಗೆಯೊ ಹೋಗಿ ಮಂಡಿಯೂರಿ ಕೂತು ಎರಡೂ ಕೈಯಿಂದ ಮುಚ್ಚಳ ಎತ್ತುತ್ತಾರೆ. ನಾನು ಪಕ್ಕದಲ್ಲೇ ಇದ್ದೇನೆ, ಫೋಟೊ ತೆಗೆಯಲು.

ಬಟ್ಟಲಿನಿಂದ ಹಬೆ ಏಳುತ್ತದೆ. ಮುಚ್ಚಳದ ಒಳಮೈ ಒಣಗಿದೆ.

ಅವರು ಅದನ್ನು ಬೆಳಕಿಗೆ ಹಿಡಿಯುತ್ತಾರೆ. ನಾನೇ ಬೆರಳಾಡಿಸಿ ನೋಡುತ್ತೇನೆ. ಸುಡುವ ಸಾರಿನ ಮೇಲೆ ಇಪ್ಪತ್ತು ನಿಮಿಷ ಕೂತಿದ್ದ ಮುಚ್ಚಳ ತಣ್ಣಗಿದೆ, ಬೆರಳಿಗೆ ಒಂದಿಷ್ಟೂ ತೇವ ಹತ್ತುವುದಿಲ್ಲ.

"ನಿನ್ನೆ ರಾತ್ರಿ ಊಟಕ್ಕೆ ಹನಿ ಇತ್ತು" ಎನ್ನುತ್ತಾರೆ ಶಿಗೆಯೊ, ನನಗಲ್ಲ, ತಮಗೇ.

ನಾನು ಇಂಥದ್ದನ್ನು ನಂಬುವವಳಲ್ಲ. ಇಪ್ಪತ್ತಾರು ವರ್ಷ ಪತ್ರಿಕೆಗೆ ಬರೆದವಳು, ಬಾಬಾಗಳ ಕೈಯಿಂದ ಉಂಗುರ ಬಂದದ್ದನ್ನೂ ನೋಡಿದ್ದೇನೆ, ಉಂಗುರ ತೋಳಿನೊಳಗೆ ಹೇಗೆ ಹೋಯಿತೆಂಬುದನ್ನೂ ನೋಡಿದ್ದೇನೆ. ಕುಮೊಯಿ ನನಗಿಂತ ಒಂದು ಹೆಜ್ಜೆ ಮುಂದೆ. "ಹಳೇ ಮರದ ಮುಚ್ಚಳ ಅಜ್ಜಿ, ನೀರು ಕುಡಿದಿರುತ್ತೆ. ಇಲ್ಲಿ ಕೊಡು" ಎಂದು ಕಸಿದುಕೊಂಡು ಹೋಗಿ, ಅಡುಗೆಮನೆಯಲ್ಲಿ ಹೊಸ ಸಾರಿನ ಮೇಲೆ ಅದೇ ಮುಚ್ಚಳ ಮುಚ್ಚುತ್ತಾರೆ. ಒಂದು ನಿಮಿಷಕ್ಕೇ ಹನಿಗಳು ಧಾರಾಳವಾಗಿ ಕಟ್ಟುತ್ತವೆ. "ನೋಡು, ನಾನು ಹೇಳ್ಲಿಲ್ವಾ!" ಎಂದು ಗೆದ್ದವರ ಹಾಗೆ ಬಟ್ಟಲನ್ನು ತಂದು ಕಂಬದ ಪಕ್ಕದ ಮಣೆಯ ಮೇಲಿಡುತ್ತಾರೆ. ಶಿಗೆಯೊ ಮತ್ತೆ ಮುಚ್ಚಳ ಎತ್ತುತ್ತಾರೆ.

ಒಣಗಿದೆ.

ಕುಮೊಯಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ನನ್ನ ಕೈಯಲ್ಲಿ ಕ್ಯಾಮೆರಾ ಇದೆ, ತೆಗೆಯಲು ಮನಸ್ಸಾಗುವುದಿಲ್ಲ. ಆದದ್ದು ಹೀಗೆ ಎಂದಷ್ಟೇ ಬರೆಯುತ್ತಿದ್ದೇನೆ. ಯಾಕೆ ಎಂದು ನನ್ನನ್ನು ಕೇಳಬೇಡಿ.

ಶಿಗೆಯೊ ಎದ್ದು ಸೀದಾ ಮೇಷ್ಟ್ರ ಸಾಲಿಗೆ ಹೋಗುತ್ತಾರೆ. ತರಗತಿಯ ಮೇಷ್ಟ್ರು ತೊಮೊಬೆ, ಮೂವತ್ತೆರಡರ ಹುಡುಗ, ಸರಿಯಾಗಿ ನಿದ್ದೆಯಿಲ್ಲ, ಬಾಯಲ್ಲಿ ಅನ್ನ.

"ಮೇಷ್ಟ್ರೇ, ಸುಜು ಮನೆಗೆ ಒಂದು ಫೋನ್ ಮಾಡಿ."

"ಇಷ್ಟು ಹೊತ್ತಿಗಾ ಅಜ್ಜಿ? ಅವರಮ್ಮ ನಿನ್ನೆ ಬೆಳಗ್ಗೆ ತಾನೇ ಫೋನ್ ಮಾಡಿ ಹೇಳಿದಾರೆ, ಮೂವತ್ತೊಂಬತ್ತು ಡಿಗ್ರಿ ಜ್ವರ ಅಂತ. ಪಾಪ, ಮಲಗಿರ್ತಾರೆ."

"ಅಮ್ಮನೇ ಮಾತಾಡಿದ್ದು ಅಂತ ನಿಮಗೆ ಹೇಗೆ ಗೊತ್ತು?"

"ಅಂದ್ರೆ? ನಾನು ಅಮ್ಮ ಅಂದ್ರು…"

"ದನಿ ಹೇಗಿತ್ತು?"

"ಸ್ವಲ್ಪ ಕಟ್ಟಿತ್ತು. ರಾತ್ರಿಯೆಲ್ಲ ಮಗು ಪಕ್ಕ ಎದ್ದು ಕೂತಿದ್ದಾರೆ ಅಂದ್ಕೊಂಡೆ." ಮೇಷ್ಟ್ರು ನಗಲು ನೋಡುತ್ತಾರೆ. "ಮುಚ್ಚಳ ಒಣಗಿದೆ ಅಂತ ಪೋಷಕರಿಗೆ ಹೇಳಕ್ಕಾಗುತ್ತಾ ಅಜ್ಜಿ?"

"ಮುಚ್ಚಳದ ಸುದ್ದಿ ಎತ್ತಬೇಡಿ. ಜ್ವರ ಹೇಗಿದೆ ಅಂತ ಕೇಳಿ. ಮೇಷ್ಟ್ರು ಕೇಳೋ ಮಾತೇ ತಾನೆ ಅದು?"

ಮೇಷ್ಟ್ರು ಎದ್ದು ಬರುತ್ತಾರೆ. ಮುಂಬಾಗಿಲ ಮೇಜಿನ ಬಳಿ ನಿಂತು ನಂಬರ್ ಒತ್ತುತ್ತಾರೆ. ನಾನು, ಶಿಗೆಯೊ, ಕುಮೊಯಿ ಮೂವರೂ ಹಿಂದೆಯೇ ಇದ್ದೇವೆ. ಎರಡನೆಯ ರಿಂಗಿಗೇ ಹೆಂಗಸೊಬ್ಬರು ಎತ್ತಿಕೊಳ್ಳುತ್ತಾರೆ. ಸ್ವಚ್ಛವಾದ, ಚುರುಕಾದ ದನಿ. ಅಲ್ಲಿ ನಿಂತಿದ್ದ ನಮಗೂ ಕೇಳಿಸುತ್ತದೆ.

"ಅಯ್ಯೋ ಮೇಷ್ಟ್ರೇ! ಏನು ಬೆಳಗ್ಗೆ ಬೆಳಗ್ಗೇನೇ? ನಮ್ಮ ಸುಜು ತಿಂಡಿ ಸರಿಯಾಗಿ ತಿಂದಳಾ?"

ಮೇಷ್ಟ್ರ ಮುಖದಿಂದ ಬಣ್ಣ ಇಳಿದುಹೋಗುವುದನ್ನು ನಾನು ನೋಡುತ್ತೇನೆ. ಹಜಾರದಲ್ಲಿ ನೂರ ನಲವತ್ತು ಮಕ್ಕಳ ಚಾಪ್‌ಸ್ಟಿಕ್ಕುಗಳ ಟಕಟಕ ಕೇಳುತ್ತಲೇ ಇದೆ. ಇಡೀ ಒಂದು ಹಗಲು, ಒಂದು ರಾತ್ರಿ, ಶಾಲೆಯವರು ಹುಡುಗಿ ಮನೆಯಲ್ಲಿದ್ದಾಳೆ ಎಂದುಕೊಂಡಿದ್ದಾರೆ, ಮನೆಯವರು ನಾರಾದಲ್ಲಿದ್ದಾಳೆ ಎಂದುಕೊಂಡಿದ್ದಾರೆ. ಪ್ರವಾಸದಲ್ಲಿ ಮಕ್ಕಳು ಫೋನ್ ತರುವ ಹಾಗಿಲ್ಲ, ಹಾಗಾಗಿ ಯಾರೂ ಯಾರ ಫೋನಿಗೂ ಕಾದಿಲ್ಲ. ಲೋಕದಲ್ಲಿ ಒಬ್ಬರೂ ಅವಳನ್ನು ಹುಡುಕುತ್ತಿಲ್ಲ.

ಮೇಷ್ಟ್ರು ತಡವರಿಸುತ್ತಾರೆ. ಆ ಕಡೆಯ ದನಿ ಮೊದಲು ನಗುತ್ತದೆ, ಆಮೇಲೆ ತಮಾಷೆ ಮಾಡಬೇಡಿ ಎನ್ನುತ್ತದೆ, ಆಮೇಲೆ ಅದು ದನಿಯಾಗಿ ಉಳಿಯುವುದಿಲ್ಲ. ಶಿಗೆಯೊ ಕೈ ಚಾಚಿ ಫೋನ್ ಇಸಿದುಕೊಳ್ಳುತ್ತಾರೆ.

"ತಾಯೀ, ಅಳೋದು ಆಮೇಲೆ. ನಾನು ಹೇಳೋದು ಕೇಳು. ನಿನ್ನೆ ಮಕ್ಕಳ ಬಸ್ಸು ಎಲ್ಲಿಂದ ಹೊರಟಿತು? ಸ್ಟೇಷನ್ ಮುಂದಿನ ಚೌಕದಿಂದಾನಾ? ಆ ಚೌಕ ಕಾಣೋ ಹಾಗೆ ಎತ್ತರದಲ್ಲಿ ಖಾಲಿ ಬಿದ್ದಿರೋ ಜಾಗ ಯಾವುದಿದೆ? … ಮುಚ್ಚಿದ ಪ್ರೈಮರಿ ಶಾಲೆಯಾ? ಅಲ್ಲಿಗೆ ಹೋಗಿ. ಪೊಲೀಸರಿಗೂ ಹೇಳಿ, ಆದರೆ ಅವರಿಗೆ ಕಾಯಬೇಡಿ. ಇಂಥ ಮಕ್ಕಳು ದೂರ ಹೋಗಲ್ಲ. ತನ್ನನ್ನ ಬಿಟ್ಟು ಬಸ್ಸು ಹೋಗೋದನ್ನ ನೋಡಬೇಕು ಅವಕ್ಕೆ."

ಆಮೇಲೆ ಕಾಯುವುದಷ್ಟೇ. ಮಕ್ಕಳನ್ನು ಬೇರೆ ಮೇಷ್ಟ್ರುಗಳು ಮಹಾಬುದ್ಧನನ್ನು ತೋರಿಸಲು ಕರೆದೊಯ್ಯುತ್ತಾರೆ. ತೊಮೊಬೆ ಮೇಷ್ಟ್ರು ಮೆಟ್ಟಿಲ ಮೇಲೆ ಫೋನ್ ಹಿಡಿದು ಕೂತಿದ್ದಾರೆ. ಶಿಗೆಯೊ ಅಡುಗೆಮನೆಯ ಹಿಂದಿನ ಕಟ್ಟೆಯಲ್ಲಿ ಮುಚ್ಚಳ ತೊಳೆಯುತ್ತಾರೆ, ನೂರ ನಲವತ್ತಾರು. ನಾನು ಬಟ್ಟೆ ಹಿಡಿದು ಒರೆಸುತ್ತೇನೆ. ಹಾಗೆ ಕೂತಾಗ ಅವರು ಹೇಳಿದ್ದು ಇದು.

ಅವರೂ ಕಡಲೂರಿನವರೇ, ಪಶ್ಚಿಮ ತೀರದ ಮೀನುಗಾರರ ಹಳ್ಳಿ. ಅಪ್ಪ ಅಮ್ಮ ಇಲ್ಲ, ಅಜ್ಜಿ ಮೊಮ್ಮಗಳು ಇಬ್ಬರೇ. ಹದಿನೈದರಲ್ಲಿ ಶಾಲೆಯಿಂದ ಇದೇ ನಾರಾಕ್ಕೆ ಪ್ರವಾಸ. ಆಗ ಪ್ರತಿ ಮಗುವೂ ತನ್ನ ಪಾಲಿನ ಅಕ್ಕಿಯನ್ನು ಬಟ್ಟೆಚೀಲದಲ್ಲಿ ಕಟ್ಟಿ ತರಬೇಕು, ವಸತಿಗೃಹದ ಬಾಗಿಲಲ್ಲಿ ಎಲ್ಲರೆದುರು ದೊಡ್ಡ ಹೆಡಿಗೆಗೆ ಸುರಿಯಬೇಕು.

"ನಮ್ಮ ಅಜ್ಜಿ ಕಟ್ಟಿಕೊಟ್ಟಿದ್ದು ಅರ್ಧ ಬಾರ್ಲಿ. ಮನೇಲಿ ಇದ್ದಿದ್ದೇ ಅದು. ಬೇರೆಯವರದ್ದು ಬೆಳ್ಳಗೆ ಬಿದ್ದ ಮೇಲೆ ನಂದು ಕಂದಾಗಿ ಬಿದ್ದರೆ? ರಾತ್ರಿಯೆಲ್ಲ ಅದೇ ಯೋಚನೆ. ಬೆಳಗ್ಗೆ ಶಾಲೆಗೆ ಹೋಗಿ 'ಅಜ್ಜಿಗೆ ಹುಷಾರಿಲ್ಲ, ನಾನು ಬರಲ್ಲ' ಅಂದೆ. ಅಜ್ಜಿಗೆ 'ಹೋಗಿ ಬರ್ತೀನಿ' ಅಂದೆ. ಎರಡೂ ಕಡೆ ಸುಳ್ಳು. ಹೋಗಿ ಬಲೆ ಇಡೋ ಕೊಟ್ಟಿಗೆ ಅಟ್ಟದಲ್ಲಿ ಕೂತೆ. ಬಸ್ಸು ತಿರುವು ದಾಟೋವರೆಗೂ ನೋಡಿದೆ. ಮೂರು ದಿನ ಅಲ್ಲೇ ಇದ್ದು, ನಾರಾ ನೋಡಿದೆ ಅಂತ ಮನೆಗೆ ಹೋಗೋದು ಅಂತ ಲೆಕ್ಕ. ಎರಡನೇ ರಾತ್ರಿ ಚಳಿ ತಡೀಲಾರದೆ ಬಾಗಿಲು ಭದ್ರವಾಗಿ ಹಾಕಿ ಇದ್ದಿಲು ಹೊತ್ತಿಸಿದೆ."

ಒಂದು ಮುಚ್ಚಳವನ್ನು ಅವರು ಎರಡು ಸಲ ತೊಳೆಯುತ್ತಾರೆ.

"ಅಜ್ಜಿ ಹೊತ್ತು ಹೊತ್ತಿಗೆ ನನ್ನ ಊಟ ಇಡ್ತಿದ್ದಳು. ಮೂರನೇ ಬೆಳಗ್ಗೆ ಮುಚ್ಚಳ ಒಣಗಿತ್ತಂತೆ. ಬರಿಗಾಲಲ್ಲಿ ಶಾಲೆಗೆ ಓಡಿದಳು. ಹೆಡ್‌ಮೇಷ್ಟ್ರು ಅವಳನ್ನ ನೋಡಿ, 'ಏನಮ್ಮ, ನಿನಗೆ ಹುಷಾರಿಲ್ಲ ಅಂತ ಮಗು ಉಳ್ಕೊಂಡಿತ್ತಲ್ಲ' ಅಂದ್ರಂತೆ. ಊರಿನವರು ಬಾಗಿಲು ಒಡೆದಾಗ ಇದ್ದಿಲ ಹೊಗೆ ಕುಡಿದು ನನ್ನ ತುಟಿ ಕೆಂಪಗೆ ಹಣ್ಣಾಗಿತ್ತಂತೆ, ಉಸಿರು ಇತ್ತೋ ಇಲ್ಲವೋ ಅನ್ನೋಷ್ಟು. ಅಜ್ಜಿ ಒಂದು ಏಟೂ ಹಾಕಲಿಲ್ಲ. ಆ ಬಾರ್ಲಿ ಅಕ್ಕೀನೇ ಗಂಜಿ ಮಾಡಿ ಕುಡಿಸಿದಳು. ನನ್ನ ಎದುರಿಗೆ ಕೂತು ಅತ್ತಳು ನೋಡಿ, ಹಾಗೆ ಯಾರೂ ಅತ್ತಿದ್ದನ್ನ ನಾನು ಕಂಡಿಲ್ಲ."

"ಹಾಗಾದ್ರೆ ಕಂಬದ ಹತ್ರದ ಆ ಹಳೇ ಮುಚ್ಚಳ…"

"ಅವಳದ್ದೇ."

ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಷ್ಟ್ರ ಫೋನು ರಿಂಗಾಗುತ್ತದೆ. ಮೂವರೂ ಓಡುತ್ತೇವೆ, ಎಂಬತ್ತರ ಶಿಗೆಯೊ ನನಗಿಂತ ಮುಂದೆ.

ಸಿಕ್ಕಿದ್ದಾಳೆ. ನಾಲ್ಕು ವರ್ಷದ ಹಿಂದೆ ಮುಚ್ಚಿದ ಪ್ರೈಮರಿ ಶಾಲೆಯ ವ್ಯಾಯಾಮದ ಕೋಣೆಯಲ್ಲಿ ಹಳೆಯ ಚಾಪೆ ಹಾಸಿ ಇದ್ದಳಂತೆ. ಕತ್ತಲಲ್ಲಿ ನೀರು ಹುಡುಕಿಕೊಂಡು ಹೋಗಿ ವೇದಿಕೆಯ ಪಕ್ಕದ ಗುಂಡಿಗೆ ಬಿದ್ದಿದ್ದಾಳೆ. ಕಾಲು ಮುರಿದಿದೆ, ಮೈ ತಣ್ಣಗಾಗಿದೆ, ಕೂಗಿ ಕೂಗಿ ದನಿ ಹೋಗಿದೆ. ಜೀವಕ್ಕೆ ಭಯವಿಲ್ಲ, ಆದರೆ ಇನ್ನೊಂದು ರಾತ್ರಿ ಕಳೆದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರಂತೆ ಡಾಕ್ಟರು. ಮೇಷ್ಟ್ರು ನೆಲಕ್ಕೆ ಹಣೆ ಹಚ್ಚಿ ಶಿಗೆಯೊಗೆ ನಮಸ್ಕರಿಸುತ್ತಾರೆ. "ಏಳಿ, ಏಳಿ, ಈಗ ತಾನೇ ಒರೆಸಿದ ನೆಲ" ಎಂದು ಅವರು ಗದರುತ್ತಾರೆ. ಕುಮೊಯಿ ಗೋಡೆಯ ಕಡೆ ತಿರುಗಿ ನಿಂತುಬಿಟ್ಟಿದ್ದಾರೆ.

ಯಾವಾಗ ಬಿದ್ದಳು ಎಂದು ಮೇಷ್ಟ್ರ ಕೈಲಿ ಕೇಳಿಸುತ್ತೇನೆ, ಬುದ್ಧಿ ಸುಮ್ಮನಿರುವುದಿಲ್ಲವಲ್ಲ. ರಾತ್ರಿ ಎಂಟರ ಸುಮಾರಿಗಂತೆ. ಇಲ್ಲಿ ರಾತ್ರಿಯ ಊಟ ಮುಗಿದದ್ದು ಏಳೂವರೆಗೆ. ಆಗ ಮುಚ್ಚಳದಲ್ಲಿ ಹನಿಯಿತ್ತು.

ಅಮ್ಮನ ಹಾಗೆ ದನಿ ಮಾಡಿ ಫೋನಿನಲ್ಲಿ ಮಾತಾಡಿದವಳು ಸುಜುವೇ; ಯಾಕೆ ಹಾಗೆ ಮಾಡಿದಳು ಎಂಬುದು ಸಂಜೆಯ ಹೊತ್ತಿಗೆ ತಿಳಿಯುತ್ತದೆ. ತಿರುಗಾಟಕ್ಕೆ ಗುಂಪು ಮಾಡಿದಾಗ ಯಾರೂ ಸುಜುವನ್ನು ಕರೆದಿರಲಿಲ್ಲ. ಚೀಟಿ ಎತ್ತಿದಾಗ ಅವಳ ಹೆಸರು ಐದನೆಯ ಗುಂಪಿಗೆ ಬಂತು. ಆಗ ಆ ಗುಂಪಿನಲ್ಲಿ ಯಾರೋ "ಅಯ್ಯೋ" ಎಂದರಂತೆ. ಅಷ್ಟೇ. ಮೂರು ದಿನ ಮೂರು ಹೊತ್ತು ಆ "ಅಯ್ಯೋ"ದ ಪಕ್ಕ ಕೂತು ಉಣ್ಣಬೇಕಲ್ಲ ಎನ್ನಿಸಿತಂತೆ ಅವಳಿಗೆ.

ಮೂರನೆಯ ದಿನದ ಬೆಳಗ್ಗೆ ನಾನು ಮತ್ತೆ ಹೋಗುತ್ತೇನೆ. ಪತ್ರಿಕೆಯವರು ಕಳಿಸಿದ್ದಲ್ಲ, ನಾನಾಗಿ. ಕಂಬದ ಪಕ್ಕದಲ್ಲಿ ಅದೇ ಮಣೆ, ಅದೇ ಚೀಟಿ, ಉತ್ತರಕ್ಕೆ ಮುಖ. ಮಕ್ಕಳು ಇವತ್ತು ನುಗ್ಗುವುದಿಲ್ಲ, ಒಬ್ಬೊಬ್ಬರಾಗಿ ಬರುತ್ತಾರೆ. ನಿನ್ನೆ ತಲೆ ಲೆಕ್ಕ ಚೀರಿದ್ದ ಹುಡುಗಿ ಶಿಗೆಯೊ ಮುಂದೆ ನಿಂತು ಕಾಲ್ಬೆರಳು ನೋಡಿಕೊಂಡು ಕೇಳುತ್ತಾಳೆ:

"ಅಜ್ಜಿ, ನಮ್ಮ ಗುಂಪಿನ ಮಣೆ ಅಲ್ಲಿಗೆ ಎತ್ತಿಡಬಹುದಾ? ಅವಳ ಪಕ್ಕಕ್ಕೆ?"

"ಅಯ್ಯೋ ಅಂದವಳು ನೀನೇನಾ?"

ಹುಡುಗಿಯ ಕಣ್ಣು ತುಂಬುತ್ತದೆ. ಹೌದೆಂದು ತಲೆ ಆಡಿಸುತ್ತಾಳೆ.

"ಹಾಗಾದ್ರೆ ನಿನ್ನ ಮಣೆ ಮೊದಲು ಎತ್ತು. ಸಾರು ಚೆಲ್ಲಬೇಡ."

ಐದು ಮಣೆಗಳು ಕಂಬದ ಬಳಿಗೆ ಹೋಗುತ್ತವೆ. ನಡುವೆ ಖಾಲಿ ಮೆತ್ತೆ. ಇಡೀ ಹಜಾರ ಕೈ ಜೋಡಿಸಿ ಅನ್ನಕ್ಕೆ ನಮಸ್ಕಾರ ಹೇಳುತ್ತದೆ, ಆದರೆ ಯಾರೂ ತಿನ್ನುವುದಿಲ್ಲ. ನೂರ ನಲವತ್ತಾರು ಜನ ಕೂತಿರುವ ಕಡೆ ಒಂದು ಚಾಪ್‌ಸ್ಟಿಕ್ಕಿನ ಸದ್ದಿಲ್ಲ. ನಿನ್ನೆ ಬೆಳಗಿನ ಜುಮ್ಮು ಮತ್ತೆ ನನ್ನ ಬೆನ್ನೇರುತ್ತದೆ. ಇಷ್ಟು ಜನ ತುಂಬಿರುವಾಗಲೂ ಆ ಹಜಾರ ಬರಿದಾಗಿದ್ದಾಗಿನ ಹಾಗೆಯೇ ಇದೆ.

"ಏನು ನನ್ನ ಮುಖ ನೋಡ್ತಾ ಕೂತ್ರಿ? ತಿನ್ನಿ, ಆರೋಗುತ್ತೆ!" ಎಂದು ಶಿಗೆಯೊ ಗದರುತ್ತಾರೆ. ಒಬ್ಬರೂ ಅಲುಗಾಡುವುದಿಲ್ಲ. ಕೊನೆಗೆ ಅವರೇ ಸೋತು ಮಂಡಿಯೂರುತ್ತಾರೆ. ಮುಚ್ಚಳ ಎತ್ತಿ ಹುಡುಗಿಯರ ಕಡೆಗೆ ವಾಲಿಸುತ್ತಾರೆ.

ಒಳಮೈ ತುಂಬ ಹನಿ. ಒಂದು ಜಾರಿ ಚೀಟಿಯ ಮೇಲೆ ಬಿದ್ದು ಸುಜುವಿನ ಹೆಸರಿನ ಶಾಯಿ ಹರಡುತ್ತದೆ. ಐದೂ ಹುಡುಗಿಯರು ಗೊಳೋ ಎಂದು ಅಳುತ್ತಾರೆ, ಅಳುತ್ತಲೇ ತಿನ್ನುತ್ತಾರೆ. ತೊಮೊಬೆ ಮೇಷ್ಟ್ರು ಆ ಸೋಯಾ ಕಾಳನ್ನೂ ಬಿಡದೆ ತಿಂದರು ಎಂಬುದಕ್ಕೆ ನಾನೇ ಸಾಕ್ಷಿ. ಬಸ್ಸು ಹೊರಡುವಾಗ ಶಿಗೆಯೊ ಆ ಚೀಟಿಯನ್ನು ಮಡಚಿ ಸುಜುವಿಗೆ ಕೊಡಲು ಹೇಳಿ ಮೇಷ್ಟ್ರ ಜೇಬಿಗೆ ಹಾಕುತ್ತಾರೆ.

ಹಜಾರ ಮತ್ತೆ ಖಾಲಿ. ಶಿಗೆಯೊ ಕಂಬಕ್ಕೆ ಒರಗಿ ಕೂತು ಸುಜುವಿನ ಆರಿದ ಸಾರನ್ನು ಕುಡಿಯುತ್ತಿದ್ದಾರೆ. ಲೇಖನ ಮುಗಿಸಬೇಕಲ್ಲ, ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ: ನಿಮಗೇನು ಆಸೆ ಅಜ್ಜಿ?

ಇನ್ನೊಂದು ಗುಟುಕು ಕುಡಿಯುತ್ತಾರೆ. "ಮನೇಲಿ ನಾನೊಬ್ಬಳೇ. ಒಂದು ದಿನ ನಾನು ಇಲ್ಲಿಗೆ ಬರದೇ ಹೋಗಬಹುದು. ಆ ಬೆಳಗ್ಗೆ ಇಲ್ಲಿ ನನ್ನ ಹೆಸರಲ್ಲೂ ಒಂದು ಮಣೆ ಇಟ್ಟರೆ ಸಾಕು."

"ಇಟ್ಟಿದ್ನಲ್ಲ" ಎನ್ನುತ್ತಾರೆ ಕುಮೊಯಿ, ಬಾಗಿಲಲ್ಲಿ ನಿಂತು, ಟವೆಲ್ಲಿನ ತುದಿ ಹಿಂಡುತ್ತಾ. "ಹೋದ ವರ್ಷ ನೀನು ಆಸ್ಪತ್ರೇಲಿದ್ದೆಯಲ್ಲ ಅಜ್ಜಿ. ಒಂಬತ್ತು ದಿನ. ಇದೇ ಕಂಬದ ಹತ್ರ. ಸಾರು ಹೇಗಿದ್ರೂ ಮಿಕ್ಕಿರ್ತಿತ್ತು."

ಶಿಗೆಯೊ ಬಟ್ಟಲನ್ನು ಕೆಳಗಿಡುತ್ತಾರೆ. ಅವರಿಗೆ ಇದು ಗೊತ್ತಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತದೆ.

"ಮುಚ್ಚಳ ತೆಗೆದು ನೋಡಿದ್ಯಾ?"

"ಇಲ್ಲ." ಕುಮೊಯಿ ನೆಲ ನೋಡುತ್ತಾರೆ. "ಹಾಗೇ ಎತ್ತಿಟ್ಟೆ. ಧೈರ್ಯ ಬರಲಿಲ್ಲ."

"ಪುಕ್ಕಲ" ಎನ್ನುತ್ತಾರೆ ಶಿಗೆಯೊ, ಸೆರಗಿಲ್ಲದವರು ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ. ಆಮೇಲೆ ಆ ಹಳೆಯ ಮುಚ್ಚಳವನ್ನು ಅವರ ಕೈಗೆ ಕೊಡುತ್ತಾರೆ. "ಮುಂದಿನ ಸಲ ತೆಗೆದು ನೋಡು. ನೋಡಿದ್ರೆ ತಾನೆ ಯಾರಾದ್ರೂ ನನ್ನ ಹುಡುಕ್ಕೊಂಡು ಬರೋದು."